ಮೆಟ್ಟಿಲ ಕೆಳಗಿನ ಯೆಜ್ಡಿ

ಸರ್ಕಾರಿ ಕಛೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಬಾಕಿ ಉಳಿದ ಕಡತಗಳು ಹೊಸವಲ್ಲ. ಆದರೆ ನಮ್ಮ ಮನೆಯ ಮೆಟ್ಟಿಲ ಕೆಳಗೇ ಒಂದು ಕಡತ ಆರು ವರ್ಷ ವಿಲೇವಾರಿಯಾಗದೆ ನಿಂತಿತ್ತು. ಅದಕ್ಕೆ ಎರಡು ಚಕ್ರ, ಒಂದು ಎಂಜಿನ್ನು, ಎರಡು ಸೈಲೆನ್ಸರು. ಮೇಲೆ ಹೊದಿಕೆಯಾಗಿ ಒಂದು ಹಳೆಯ ಜಮಖಾನ. ನಮ್ಮ ತಂದೆಯವರು 1986ರಲ್ಲಿ ಮೈಸೂರಿನಲ್ಲಿ ಕೊಂಡ ಯೆಜ್ಡಿ ಅದು.

ಮೈಸೂರಿನವರಿಗೆ ಯೆಜ್ಡಿ ಎಂದರೆ ಮನೆಮಗನಿದ್ದಂತೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯದ ಜಾವಾ ಮಾದರಿಯ ಮೋಟಾರು ಸೈಕಲ್ಲುಗಳು ತಯಾರಾದವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅದೇ ಹೆಸರುಗಳ ಹೊಸ ಗಾಡಿಗಳು ಈಗ ಬೀದಿಯಲ್ಲಿ ಕಾಣುತ್ತವೆ, ಅದು ಬೇರೆ ಮಾತು. ಒದೆದರೆ ಕಿಕ್ಕರ್, ಮುಂದಕ್ಕೆ ಮಡಿಸಿದರೆ ಗೇರು, ಹೀಗೆ ಒಂದೇ ಕಡ್ಡಿಯಿಂದ ಎರಡು ಕೆಲಸ ತೆಗೆಯುವ ಜಾಣತನ ಹಳೆಯ ಯೆಜ್ಡಿಯದೇ.

2017ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ತಾಯಿಯವರನ್ನು ಚೆನ್ನೈಗೆ ಕರೆತಂದಾಗ ಅವರು ಒಡವೆಯನ್ನು ಕೇಳಲಿಲ್ಲ, ಪಾತ್ರೆಯನ್ನು ಕೇಳಲಿಲ್ಲ. "ಗಾಡಿ ಬರುತ್ತೇನೋ?" ಎಂದಷ್ಟೇ ಕೇಳಿದರು. ರೈಲಿನ ನಿಯಮದಂತೆ ಟ್ಯಾಂಕಿನ ಪೆಟ್ರೋಲನ್ನೆಲ್ಲ ಬಸಿದು, ಗೋಣಿತಾಟು ಸುತ್ತಿ, ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಅದನ್ನೂ ತಂದೆವು. ತಂದವರು ಮೆಟ್ಟಿಲ ಕೆಳಗಿಟ್ಟು ಮರೆತೆವು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೀರು ಬೀದಿಗೆ ಏರಿದಾಗ ಅಕ್ಕಿಮೂಟೆಗಿಂತ ಮುಂಚೆ ಈ ಗಾಡಿಯನ್ನು ನಾಲ್ಕು ಮಂದಿ ಮೇಲಕ್ಕೆ ಹೊತ್ತದ್ದುಂಟು. ಏಕೆಂದು ಕೇಳಿದ್ದರೆ ನಾವು ಉತ್ತರಿಸಲಾರದವರಾಗಿದ್ದೆವು.

ಹೀಗಿರುವಾಗ 2024ರಲ್ಲಿ ನಮ್ಮ ಭಾವಮೈದುನ ಒಂದು ಸುದ್ದಿ ತಂದ. ಇರುಂಗಾಟುಕೋಟೆಯ ಪಥದಲ್ಲಿ 'ಟ್ರ್ಯಾಕ್ ಡೇ' ಇದೆಯಂತೆ. ಓದುಗರು ಇದನ್ನು ಪಂದ್ಯವೆಂದು ತಿಳಿಯಬಾರದು. ಶುಲ್ಕ ಕಟ್ಟಿ, ಸ್ವಂತ ಗಾಡಿಯನ್ನು ಪಂದ್ಯದ ಪಥದಲ್ಲಿ ಸರದಿಯ ಮೇಲೆ ಓಡಿಸಿ ಬರುವ ದಿನ ಅದು. ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಎದುರಿನಿಂದ ಬಸ್ಸೂ ಬಾರದು, ಎಮ್ಮೆಯೂ ಬಾರದು.

ಮೋಟಾರು ಪಂದ್ಯ ಈ ಊರಿಗೆ ಹಳೆಯದು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಹುಟ್ಟಿದ್ದು 1953ರಲ್ಲಿ. ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯೊಂದು ನಗರದ ಉತ್ತರಕ್ಕೆ ಶೋಳಾವರಂನಲ್ಲಿತ್ತು. ದಶಕಗಳ ಕಾಲ ಪಂದ್ಯಗಳು ಅದರ ಮೇಲೆ ನಡೆದವು. ನಮ್ಮ ಮೈಸೂರಿನ ಗಾಡಿಗಳೂ ಅಲ್ಲಿ ಹೊಗೆಯುಗುಳಿ ಓಡಿದವು. ಬೆಂಗಳೂರು ಹೆದ್ದಾರಿಯಲ್ಲಿ ನಗರದಿಂದ ಸುಮಾರು 40 ಕಿ.ಮೀ. ದೂರದ ಇರುಂಗಾಟುಕೋಟೆಯಲ್ಲಿ ಹೊಸ ಪಥ ತೆರೆದದ್ದು 1990ರಲ್ಲಿ. ಒಂದು ಸುತ್ತು 3.717 ಕಿ.ಮೀ., ಹನ್ನೆರಡು ತಿರುವು.

"ಭಾವ, ಅಪ್ಪಾಜಿಯವರ ಗಾಡಿ ಅಲ್ಲಿ ಒಂದು ಸುತ್ತಾದರೂ ಓಡಬೇಕು" ಎಂದ ಅವನು. ನಮ್ಮಾಕೆ ಕೇಳಿಸಿಕೊಳ್ಳದವರಂತೆ ಅಡಿಗೆಮನೆಗೆ ಹೋದರು. ತಾಯಿಯವರು ಹೂ ಕಟ್ಟುವುದನ್ನು ನಿಲ್ಲಿಸದೆ ಅಂದರು: "ಚಾಮುಂಡಿಬೆಟ್ಟ ಹತ್ತೋಕೆ ಎಂಜಿನ್ ಸಾಕು, ಇಳಿಯೋಕೆ ಬ್ರೇಕು ಬೇಕು ಅಂತಿದ್ರು ನಿಮ್ಮಪ್ಪ. ಅದನ್ನ ಮರೀಬೇಡ." ಬೇಡವೆನ್ನಲಿಲ್ಲ, ಅದೇ ಅಪ್ಪಣೆಯೆಂದು ಭಾವಿಸಿದೆವು. ಮಾತಿನ ಪೂರ್ವಾರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದೆವೆಂದು ಆಮೇಲೆ ತಿಳಿಯಿತು.

ಹಳೆಯ ಗಾಡಿಗಳ ಬಿಡಿಭಾಗಗಳಿಗೆ ಹೆಸರಾದ ಪುದುಪ್ಪೇಟೆಯ ಓಣಿಗಳಲ್ಲಿ ಸುತ್ತಿ, ಅರವತ್ತು ದಾಟಿದ ಒಬ್ಬ ಮೆಕ್ಯಾನಿಕ್ಕರನ್ನು ಮನೆಗೆ ಕರೆತಂದೆವು. ಭಾವಮೈದುನ ಆಗಲೇ ಕಿಕ್ಕರ್ ಮೇಲೆ ಕಾಲಿಟ್ಟಿದ್ದ. "ಒದೀಬೇಡಿ ತಂಬಿ!" ಎಂದು ಅವರು ಕೂಗಿದರು. ಆರು ವರ್ಷ ನಿಂತ ಎಂಜಿನ್ನಿನ ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಅಂಟಿರಬಹುದು. ಒದೆದರೆ ಉಂಗುರ ಮುರಿದು ಒಳಮೈ ಗೀರುತ್ತದೆ. ಪ್ಲಗ್ಗು ಬಿಚ್ಚಿ, ಸ್ವಲ್ಪ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ಮರುದಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ತಿರುಗಿತು.

ಟ್ಯಾಂಕು ಬರಿದಾಗಿದ್ದುದೇ ದೋಷವಾಗಿತ್ತು. ಚೆನ್ನೈಯ ತೇವದ ಗಾಳಿ ಒಳಗೆ ಸೇರಿ ತುಕ್ಕು ಹಿಡಿದಿತ್ತು. ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ, ತೊಳೆದು, ಒಣಗಿಸಿದೆವು. ಬಸಿಯಲು ಮರೆತಿದ್ದ ಕಾರ್ಬ್ಯುರೇಟರಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಜೆಟ್ಟಿನ ರಂಧ್ರವನ್ನೇ ಮುಚ್ಚಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ಬಾಳದೆಂದು ಕೊಳವೆಯನ್ನೂ ಬದಲಿಸಿದೆವು. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ಗಟ್ಟಿಯಾಗಿದ್ದವು. ಅಲ್ಲಿಂದ ಗಾಳಿ ನುಗ್ಗಿದರೆ ಇಂಧನದ ಮಿಶ್ರಣ ತೆಳುವಾಗಿ ಎಂಜಿನ್ನು ಕಾದು ಕಚ್ಚಿಕೊಳ್ಳುತ್ತದೆ. ಅವೂ ಹೊಸವು ಬಂದವು.

ಲೀಟರಿಗೆ 40 ಮಿ.ಲೀ. ಎಣ್ಣೆ ಬೆರೆಸಿದ ಪೆಟ್ರೋಲು ಹಾಕಿ ಒಂದು ಭಾನುವಾರ ಬೆಳಿಗ್ಗೆ ಒದೆದೆವು. ಒಂಬತ್ತನೆಯ ಒದೆತಕ್ಕೆ ಬೀದಿ ತುಂಬ ಬಿಳಿ ಹೊಗೆ. ಆಮೇಲೆ ಆ ಸದ್ದು! ಎದುರು ಮನೆಯವರು ಬೆಂಕಿ ಬಿತ್ತೆಂದು ಓಡಿ ಬಂದರು. ತಾಯಿಯವರು ಹೊಸ್ತಿಲಿಗೆ ಬಂದು ನಿಂತರು. "ಸದ್ದು ಹಾಗೇ ಇದೆ" ಎಂದು ಒಳಗೆ ಹೋದರು.

ಕೆಲಸ ಮುಗಿಯಿತೆಂದು ನಾವು ಕಾಫಿ ತರಿಸಿದೆವು. ಮೆಕ್ಯಾನಿಕ್ಕರು ಲೋಟ ಕೆಳಗಿಟ್ಟು, "ಓಡುತ್ತೆ ಸಾರ್. ನಿಲ್ಲೋದು?" ಎಂದು ಮುಂದಿನ ಚಕ್ರ ಬಿಚ್ಚಿದರು. ಬ್ರೇಕ್ ಶೂವಿನ ಲೈನಿಂಗು ಒಣರೊಟ್ಟಿಯಂತೆ ಇಡಿಯಾಗಿ ಅವರ ಕೈಗೆ ಎದ್ದು ಬಂತು. ಬ್ರೇಕಿನ ಕೇಬಲ್ಲು ಹೊದಿಕೆಯೊಳಗೆ ಅರ್ಧ ಎಳೆಗಳನ್ನು ಕಳೆದುಕೊಂಡಿತ್ತು. ಟೈರಿನ ಬದಿಯ ನಾಲ್ಕು ಅಂಕಿಗಳನ್ನು ತೋರಿಸಿದರು: 1411. ಎಂದರೆ 2011ರ ಹದಿನಾಲ್ಕನೆಯ ವಾರದಲ್ಲಿ ಆದದ್ದು. ಹಲ್ಲು ಚೆನ್ನಾಗಿಯೇ ಇತ್ತು, ರಬ್ಬರು ಮಾತ್ರ ಕಲ್ಲಾಗಿತ್ತು. "ಟೂ-ಸ್ಟ್ರೋಕ್ ಗಾಡಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನು ಹಿಡಿದು ನಿಲ್ಲಿಸೋಲ್ಲ. ಭಾರವೆಲ್ಲ ಬ್ರೇಕಿನ ಮೇಲೇ" ಎಂದರು.

ಟ್ರ್ಯಾಕ್ ಡೇಗೆ ಉಳಿದಿದ್ದದ್ದು ಆರು ದಿನ. ಕಟ್ಟಿದ ಶುಲ್ಕ ಹಿಂದಕ್ಕೆ ಬಾರದು. "ಮೆಲ್ಲಗೆ ಓಡಿಸುತ್ತೇನೆ ಭಾವ" ಎಂದು ಹುಡುಗ ಅಂಗಲಾಚಿದ. ನಿಜ ಹೇಳಬೇಕೆಂದರೆ ನಮ್ಮ ಮನಸ್ಸೂ ಅತ್ತಲೇ ವಾಲಿತ್ತು. ಆಗ ಬೆಟ್ಟ ಇಳಿಯುವ ಮಾತಿನ ಉತ್ತರಾರ್ಧ ನೆನಪಾಯಿತು. ಅವನ ಅಕ್ಕನ ಮುಖ ನೋಡಿದೆವು. ಇಲ್ಲವೆಂದೆವು. ಅವನು ಮೂರು ದಿನ ನಮ್ಮೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಾನೇ ಡ್ರಮ್ಮನ್ನು ಲೇತಿಗೆ ಒಯ್ದ.

ಹೊಸ ಶೂ, ಹೊಸ ಕೇಬಲ್ಲು, ಹೊಸ ಟೈರು, ಎಲ್ಲ ಸೇರಿ ನಮ್ಮ ಒಂದು ತಿಂಗಳ ಸಂಬಳವನ್ನು ನುಂಗಿದವು. ಎರಡು ತಿಂಗಳ ಮೇಲೆ ಇನ್ನೊಂದು ದಿನ ಗೊತ್ತಾಯಿತು. ರಿಜಿಸ್ಟ್ರೇಷನ್ನಿನ ಅವಧಿ ತೀರಿದ್ದರಿಂದ ಗಾಡಿಯನ್ನು ಸಣ್ಣ ಲಾರಿಯಲ್ಲಿ ಒಯ್ದೆವು. ಕನ್ನಡಿ ಬಿಚ್ಚಿ, ದೀಪದ ಗಾಜಿಗೆ ಟೇಪು ಸುತ್ತಿ ತಪಾಸಣೆಗೆ ನಿಲ್ಲಿಸಿದೆವು. ಪರೀಕ್ಷಕರು ಎಂಜಿನ್ನಿನ ಸದ್ದನ್ನು ಕೇಳಲೇ ಇಲ್ಲ. ಎಣ್ಣೆ ಸೋರುತ್ತದೆಯೇ ಎಂದು ನೋಡಿದರು, ಟೈರು ನೋಡಿದರು, ಬ್ರೇಕು ಹಿಡಿದು ಗಾಡಿಯನ್ನು ತಳ್ಳಿ ನೋಡಿದರು.

ಹೆಲ್ಮೆಟ್ಟು, ಎರವಲು ತಂದ ಚರ್ಮದ ಉಡುಪು ತೊಟ್ಟು ಮೊದಲ ಸರದಿ ನಾವೇ ಇಳಿದೆವು. ನಮ್ಮನ್ನು ಹಿಂದೆ ಹಾಕದ ಗಾಡಿ ಅಂದು ಅಲ್ಲಿರಲಿಲ್ಲ. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲೆಂದು ಮೆಕ್ಯಾನಿಕ್ಕರು ಹೇಳಿದ್ದರು: ಎಣ್ಣೆ ಪೆಟ್ರೋಲಿನೊಡನೆಯೇ ಬರುವುದರಿಂದ, ವೇಗದಲ್ಲಿ ಆಕ್ಸಿಲರೇಟರ್ ಮುಚ್ಚಿದರೆ ಎಂಜಿನ್ನು ಒಣಗಿ ಕಚ್ಚಬಹುದು. ನೇರ ಹಾದಿಯ ಕೊನೆಗೆ ತಿರುವು ಮೈಮೇಲೆ ಬಂದಂತಾಯಿತು. ಬ್ರೇಕು ಹಿಡಿದೆವು. ಗಾಡಿ ಮೂತಿ ತಗ್ಗಿಸಿ, ಹೇಳಿದ ಮಾತು ಕೇಳುವ ಎತ್ತಿನಂತೆ ನಿಧಾನಿಸಿತು. ಆ ಕ್ಷಣಕ್ಕೆ ಕೊಟ್ಟ ಹಣವೆಲ್ಲ ಸಂದಿತೆನಿಸಿತು. ಎರಡನೆಯ ಸರದಿಯಲ್ಲಿ ಭಾವಮೈದುನ ಐದು ಸುತ್ತು ಬಂದು, ಹೋದಂತೆಯೇ ನಗುತ್ತ ಮರಳಿದ.

ನಮ್ಮಂತೆ ಊರುಬಿಟ್ಟು ಬಂದವರ ಮನೆಗಳಲ್ಲಿ ಇಂಥ ಒಂದೊಂದು ವಸ್ತು ಮೂಲೆಯಲ್ಲಿರುತ್ತದೆ. ಗಾಡಿಯೇ ಆಗಿದ್ದರೆ ಅವಸರದಿಂದ ಒದೆಯದಿರಿ. ಓಡಿಸುವ ಮುನ್ನ ಚಕ್ರ ಬಿಚ್ಚಿ ನೋಡಿರಿ. ಅಂದು ರಾತ್ರಿ ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: "ನಿಂತಿತೇನೋ?"

"ನಿಂತಿತಮ್ಮ."

"ಹಾಗಿದ್ರೆ ಆ ರಿಜಿಸ್ಟ್ರೇಷನ್ ಏನು ಮಾಡಬೇಕೋ ಮಾಡು. ದೇವಸ್ಥಾನಕ್ಕೆ ಒಂದು ಸಲ ಹೋಗಿ ಬರೋಣ" ಎಂದರು. ಸದ್ಯ ಆ ಕಡತ ನಮ್ಮ ಮೇಜಿನ ಮೇಲಿದೆ.