ಕಾರ್ಬ್ಯುರೇಟರು: ಎಂಜಿನಿನ ಉಸಿರಿನ ಅಳತೆ

ಕುಂದಾಪುರದ ಕಡಲತೀರದಲ್ಲಿ ಹದವಾಗಿ ಓಡುವ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು, ಕೊಲ್ಲೂರು ಘಟ್ಟವನ್ನೇರಿ ತುಮರಿಯನ್ನು ಸೇರುವಾಗ ತುಸು ಮಂಕಾಗುವುದೇಕೆ? ಶರಾವತಿಯ ಹಿನ್ನೀರಿನ ಈ ಊರು ಸಮುದ್ರಮಟ್ಟದಿಂದ 550 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ನೂರಕ್ಕೆ ಸುಮಾರು ಐದರಷ್ಟು ಕಡಿಮೆ. ಕಾರ್ಬ್ಯುರೇಟರಾದರೋ ಪೆಟ್ರೋಲನ್ನು ಅಷ್ಟೇ ಪ್ರಮಾಣದಲ್ಲಿ ತಗ್ಗಿಸದು.

ಇದರ ತತ್ತ್ವವನ್ನು ನದಿಯೇ ಕಲಿಸುತ್ತದೆ. ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ರಭಸದಿಂದ ಹರಿಯುವಂತೆ, ವೆಂಚುರಿಯೆಂಬ ಕಿರಿದಾದ ಕೊರಳಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ. ಆಗ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲು ಮೇಲೇರಿ ಗಾಳಿಯಲ್ಲಿ ಬೆರೆಯುತ್ತದೆ.

ಪಂದ್ಯದ ಕಾರಿಗೆ ದೊಡ್ಡ ಕಾರ್ಬ್ಯುರೇಟರೇ ಲೇಸೆಂದು ನಾವು ಭಾವಿಸುವುದುಂಟು. ಲೆಕ್ಕ ಹಾಕಿ ನೋಡೋಣ. ಪದ್ಮಿನಿಯ 1,089 ಘನ ಸೆಂಟಿಮೀಟರಿನ ಎಂಜಿನು ನಿಮಿಷಕ್ಕೆ 6,000 ಸುತ್ತು ತಿರುಗಿದರೂ, ಎರಡು ಸುತ್ತಿಗೊಮ್ಮೆ ಮಾತ್ರ ಪ್ರತಿ ಸಿಲಿಂಡರು ಉಸಿರೆಳೆಯುವುದರಿಂದ, ಅದಕ್ಕೆ ನಿಮಿಷಕ್ಕೆ ಬೇಕಾದ ಗಾಳಿ ಹೆಚ್ಚೆಂದರೆ ಸುಮಾರು 3,270 ಲೀಟರು. ಕೊರಳು ಇದಕ್ಕೆ ತೀರ ಅಗಲವಾದರೆ ಕಡಿಮೆ ವೇಗದಲ್ಲಿ ಗಾಳಿ ಮಂದವಾಗಿ, ಪೆಟ್ರೋಲು ಸರಿಯಾಗಿ ಬೆರೆಯದೆ ಎಂಜಿನು ಮುಗ್ಗರಿಸುತ್ತದೆ. ತೀರ ಕಿರಿದಾದರೆ ಅಧಿಕ ವೇಗದಲ್ಲಿ ಉಸಿರುಗಟ್ಟುತ್ತದೆ.

ಬಳಿಕ ಜೆಟ್ಟಿನ ಆಯ್ಕೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಹೆಚ್ಚಿನ ಶಕ್ತಿಗೆ ಗಾಳಿ 12.5ರಿಂದ 13 ಗ್ರಾಂ ಇರುವುದು ಉತ್ತಮ. ಹದವನ್ನು ಸ್ಪಾರ್ಕ್ ಪ್ಲಗ್ಗಿನ ಬಣ್ಣವೇ ತಿಳಿಸುತ್ತದೆ: ಕಪ್ಪು ಮಸಿಯಾದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬಿಳುಪಾದರೆ ಕಡಿಮೆ, ತಿಳಿಗಂದಾದರೆ ಸರಿ.

ತುಮರಿಯಲ್ಲಿ ಚಿಕ್ಕ ಜೆಟ್ಟಿನಿಂದ ಹದಗೊಳಿಸಿದ ಕಾರನ್ನು ಕರಾವಳಿಗಿಳಿಸಿದೊಡನೆ ಮತ್ತೆ ಪರೀಕ್ಷಿಸಬೇಕು. ಅಲ್ಲಿ ಗಾಳಿ ದಟ್ಟ. ಪೆಟ್ರೋಲು ಸಾಲದಾಗಿ, ಪೂರ್ಣವೇಗದ ಓಟದಲ್ಲಿ ಪಿಸ್ಟನ್ನೇ ಕರಗೀತು. ಇಂದಿನ ಕಾರುಗಳಲ್ಲಿ ಈ ಎಚ್ಚರವನ್ನು ಗಣಕಯಂತ್ರ ವಹಿಸಿದೆ. ಹಳೆಯದರಲ್ಲಿ ಅದು ನಮ್ಮದೇ ಹೊಣೆ.