ಪದವಿಯ ದಿನದ ಬಿಳಿಯುಡುಗೆ

ಘಟಿಕೋತ್ಸವವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಕರಿಯ ಗೌನು. ಯುರೋಪಿನ ಚಳಿನಾಡುಗಳಲ್ಲಿ ಮಧ್ಯಯುಗದ ಪಾದ್ರಿಗಳೂ ಪಂಡಿತರೂ ತೊಡುತ್ತಿದ್ದ ನಿಲುವಂಗಿಯ ವಂಶಕ್ಕೆ ಸೇರಿದ ಉಡುಪು ಅದು. ವಿದ್ಯೆ ಮುಗಿಸಿದ ದಿನಕ್ಕೆಂದು ಬಳಕೆಗೆ ಬಂದ ಇನ್ನೊಂದು ಉಡುಗೆಯೂ ಇತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಎಂದರೆ 1837ರಿಂದ 1901ರವರೆಗಿನ ಅವಧಿಯಲ್ಲಿ, ಅಮೆರಿಕದಲ್ಲಿ ಹೆಣ್ಣುಮಕ್ಕಳು ವ್ಯಾಸಂಗ ಮುಗಿಸಿದ ಸಮಾರಂಭಕ್ಕೆ ಬಿಳಿಯ ಹತ್ತಿಬಟ್ಟೆಯ ನಿಲುವಂಗಿ ತೊಟ್ಟು ಬರುವ ರೂಢಿ ಬೆಳೆಯಿತು. ಆ ಉಡುಗೆ ಎತ್ತುವ ಪ್ರಶ್ನೆಯೊಂದು ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಗೂ ಸಲ್ಲುತ್ತದೆ.

ಬಿಳಿಯೇ ಏಕೆ, ಹತ್ತಿಯೇ ಏಕೆ? ಬಿಳುಪು ತಾರುಣ್ಯದ, ನಿರ್ಮಲತೆಯ ಸಂಕೇತವೆಂಬ ಭಾವನೆ ಆ ಜನರಲ್ಲಿತ್ತು. ಅದಕ್ಕಿಂತ ಬಲವಾದ ಕಾರಣ ಮಿತವ್ಯಯ. ಹತ್ತಿಬಟ್ಟೆ ರೇಷ್ಮೆಗಿಂತ ಅಗ್ಗ. ಒಗೆದು ಮತ್ತೆ ಉಡಬಹುದು. ಹೊಲಿಗೆ ಹುಡುಗಿಯರ ಶಿಕ್ಷಣದ ಒಂದು ಅಂಗವಾಗಿದ್ದುದರಿಂದ ಎಷ್ಟೋ ಮಂದಿ ತಮ್ಮ ಉಡುಗೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಕೆಲವು ಶಾಲೆಗಳು ಮುಂದೆ ಉಡುಗೆಯ ವೆಚ್ಚಕ್ಕೆ ಮಿತಿಯನ್ನೂ ಗೊತ್ತುಪಡಿಸಿದವು. ಸಿರಿವಂತರ ಮಗಳೂ ಬಡವರ ಮಗಳೂ ವೇದಿಕೆಯ ಮೇಲೆ ಸಮನಾಗಿ ಕಾಣಲೆಂಬುದು ಅದರ ಉದ್ದೇಶ. 1837ರಲ್ಲೇ ಸ್ಥಾಪಿತವಾದ ಮೌಂಟ್ ಹೋಲಿಯೋಕ್ ಕಾಲೇಜಿನ ವಿದ್ಯಾರ್ಥಿನಿಯರು ಪದವಿಯ ಸಂದರ್ಭದ ಮೆರವಣಿಗೆಯಲ್ಲಿ ಇಂದಿಗೂ ಬಿಳಿಯುಡುಗೆ ತೊಡುತ್ತಾರೆ.

ಆ ಬಿಳುಪಿನ ಹಿಂದೆ ಕಪ್ಪು ಚರಿತ್ರೆಯೂ ಇದೆ. ಅಮೆರಿಕದಲ್ಲಿ 1865ರವರೆಗೆ ಹತ್ತಿಯನ್ನು ಬಹುಮಟ್ಟಿಗೆ ಬೆಳೆದವರು ಗುಲಾಮರು. ಲ್ಯಾಂಕಾಶೈರಿನ ಗಿರಣಿಬಟ್ಟೆ ನಮ್ಮ ನೂಲುವವರ, ನೇಯುವವರ ಅನ್ನವನ್ನು ಕಸಿಯಿತು. ಆದರೂ ಇಂಥ ಉಡುಗೆಗಳಿಗೆ ಬಳಸುತ್ತಿದ್ದ ನವುರಾದ ಬಟ್ಟೆಯೊಂದಕ್ಕೆ ಇಂಗ್ಲಿಷಿನವರು ಕೊಂಡೊಯ್ದ ಹೆಸರು ನಮ್ಮ ದೇಶದ್ದೇ: ನೈನ್‌ಸುಖ್, ಎಂದರೆ ಕಣ್ಣಿಗೆ ಸುಖ.

ಇನ್ನು ಗೌನಿನ ಮಾತು. ಹೆಣ್ಣುಮಕ್ಕಳಿಗೆ ಅದು ಸುಲಭವಾಗಿ ದಕ್ಕಿದ್ದಲ್ಲ. ಆಕ್ಸ್‌ಫರ್ಡ್ ಸ್ತ್ರೀಯರಿಗೆ ಪದವಿ ನೀಡಿದ್ದು 1920ರಲ್ಲಿ. ಕೇಂಬ್ರಿಜ್ 1948ರವರೆಗೂ ಪೂರ್ಣ ಪದವಿಯನ್ನು ನಿರಾಕರಿಸಿತ್ತು. ಕಲ್ಕತ್ತೆಯಲ್ಲಾದರೋ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು 1883ರಲ್ಲೇ ಪದವೀಧರೆಯರಾದರು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆ ಕಾಲೇಜಾಗಿ ಬೆಳೆದು, 1906ರಲ್ಲಿ ಅಲ್ಲಿನ ಮೊದಲ ವಿದ್ಯಾರ್ಥಿನಿಯರು ಬಿ.ಎ. ಪದವಿ ಪಡೆದರು. ಕೆ. ಡಿ. ರುಕ್ಮಿಣಮ್ಮನವರು ಅವರಲ್ಲೊಬ್ಬರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಲು ಇನ್ನೂ ಹತ್ತು ವರ್ಷಗಳಿದ್ದವು, ಪದವಿ ಮದರಾಸಿನದು.

ಬಿಳಿಯ ಬಣ್ಣ ನಮ್ಮಲ್ಲಿ ಎರಡು ಬಗೆಯಾಗಿ ನಡೆದುಬಂದಿದೆ. ವಿದ್ಯಾಧಿದೇವತೆಯಾದ ಶಾರದೆ ಶ್ವೇತವಸನೆ. ಅದೇ ಬಿಳುಪನ್ನು ಸಮಾಜ ಗಂಡನನ್ನು ಕಳೆದುಕೊಂಡವಳ ಮೈಮೇಲೂ ಹೊರಿಸಿತು. ದೇವಿಗೆ ಭೂಷಣವಾದದ್ದು ಮನೆಮಗಳಿಗೆ ಅಶುಭವೆನಿಸಿದ್ದು ವಿಚಿತ್ರವಲ್ಲವೆ? ಬಿಳಿಯುಟ್ಟು ಪದವಿ ಪಡೆಯುವ ರೂಢಿ ನಮ್ಮಲ್ಲಿ ಸುಲಭವಾಗಿ ಬೇರೂರಲಾರದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿ ರೇಷ್ಮೆಯೂ ಉಂಟು, ಹತ್ತಿಯೂ ಉಂಟು. ತಿರುಮಕೂಡಲು ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಗೂಡಿನಿಂದ ತೆಗೆದ ರೇಷ್ಮೆನೂಲು ಮೈಸೂರು ಸೀರೆಯಾಗುತ್ತದೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಗಾಂಧೀಜಿ ಈ ಸಂಸ್ಥಾನದಲ್ಲಿ ವಿಶ್ರಾಂತಿಗೆಂದು ತಂಗಿದ್ದ 1927ರಲ್ಲಿಯೇ ಖಾದಿ ಕೇಂದ್ರ ಆರಂಭವಾಯಿತು. ಅದೇ ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಖಾದಿಯ ಕೆಲಸಕ್ಕೆ ಬಾಳನ್ನೇ ಮುಡಿಪಾಗಿಟ್ಟರು. ಸುತ್ತಲ ಹಳ್ಳಿಗಳ ಹೆಂಗಸರು ರಾಟೆ ತಿರುಗಿಸಿ ನಾಲ್ಕು ಕಾಸು ಕಂಡರು. ಅವರಲ್ಲಿ ಹೆಚ್ಚಿನವರಿಗೆ ಅಕ್ಷರದ ಯೋಗವಿರಲಿಲ್ಲ. ಬರಬರುತ್ತ ಆ ಕೇಂದ್ರ ಕಳೆಗುಂದಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಅಲ್ಲಿಯೇ ಸತ್ಯಾಗ್ರಹ ಹೂಡಿ ನಾಡಿನ ಗಮನವನ್ನು ಅತ್ತ ಸೆಳೆದರು.

ಮಗಳ ಮದುವೆಯ ರೇಷ್ಮೆಗೆ ಸಾಲ ಮಾಡಲು ಹಿಂಜರಿಯದ ಮನೆಗಳು ಆಕೆಯ ಕಾಲೇಜಿನ ಶುಲ್ಕಕ್ಕೆ ಲೆಕ್ಕ ಹಾಕುವುದನ್ನು ಎಲ್ಲರೂ ಬಲ್ಲೆವು. ಮದುವೆಯ ಸೀರೆ ಆಯುಷ್ಯವೆಲ್ಲ ಪೆಟ್ಟಿಗೆಯಲ್ಲಿರುತ್ತದೆ. ಪದವಿಯ ಗೌನು ಬಾಡಿಗೆಯದು. ಛಾಯಾಚಿತ್ರ ತೆಗೆಸಿಕೊಂಡು ಸಂಜೆಯೊಳಗೆ ಮರಳಿಸಬೇಕು. ದುಡಿದು ಗಳಿಸಿದ ವಿದ್ಯೆಗೆ ತನ್ನದೆನ್ನುವ ಒಂದು ವಸ್ತ್ರವೂ ನಮ್ಮ ಹುಡುಗಿಗೆ ಉಳಿಯುವುದಿಲ್ಲ. ಆ ಅಮೆರಿಕದ ಹುಡುಗಿಗೆ ಅದು ಉಳಿಯುತ್ತಿತ್ತು.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2015ರಲ್ಲೂ 2019ರಲ್ಲೂ ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆಯನ್ನು ಬಳಸುವಂತೆ ಸಲಹೆ ನೀಡಿತು. ಕೇವಲ ಗೌನಿನ ಬದಲು ಶಾಲು ಬಂದರೆ ಸಾಲದು. ಆ ಶಾಲು ನಮ್ಮ ಹಳ್ಳಿಯ ರಾಟೆಯಿಂದ, ಮಗ್ಗದಿಂದ ಬರಲಿ. ಅದರ ಅಂಚು ಯಾವ ಬಣ್ಣದ್ದಾದರೂ ಇರಲಿ. ಪದವಿ ಪಡೆದವಳಿಗೇ ಸಲ್ಲಲಿ. ಬದನವಾಳಿನಲ್ಲಿ ನೂಲು ತೆಗೆದವಳ ಮೊಮ್ಮಗಳು ಅದನ್ನು ಹೊದ್ದು ಮೈಸೂರಿನ ಘಟಿಕೋತ್ಸವಕ್ಕೆ ಬಂದಾಗ ನೂಲಿದ ಅಜ್ಜಿಗೂ ಆ ಸಭೆಯಲ್ಲಿ ಒಂದು ಕುರ್ಚಿ ಇರಲಿ.