ಕ್ರಿಯೆಗೆ ಅಂಟಿದ ಕಿರುಪದ: ಇಂಗ್ಲಿಷಿನ ಕೂಡುಕ್ರಿಯೆಗಳೂ ಕನ್ನಡದ ನುಡಿಗಟ್ಟುಗಳೂ

ಕನ್ನಡ ಮಾಧ್ಯಮದಲ್ಲಿ ಓದಿಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ಉದ್ದನೆಯ ಪದಗಳು ಅಷ್ಟಾಗಿ ತೊಡಕಾಗುವುದಿಲ್ಲ. ಅವನ್ನು ನಿಘಂಟಿನಲ್ಲಿ ಹುಡುಕಿ ಅರ್ಥ ತಿಳಿಯಬಹುದು. ಕಂಗೆಡಿಸುವುದು ‘ಗಿವ್’, ‘ಪುಟ್’, ‘ಲುಕ್’ ಮುಂತಾದ ಪುಟ್ಟ ಕ್ರಿಯಾಪದಗಳು ‘ಅಪ್’, ‘ಆಫ್’, ‘ಔಟ್’ ಎಂಬ ಇನ್ನೂ ಪುಟ್ಟ ಪದಗಳೊಡನೆ ಸೇರಿದಾಗ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂಬುದಕ್ಕೆ ಮೇಲೆ ಕೊಡುವುದೆಂಬ ಅರ್ಥವಿಲ್ಲ. ಪರಕೀಯರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಷ್ಟವಾಗುವುದು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿದ್ದಾನೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ನೆಲೆಗೊಂಡದ್ದು 1925ರಲ್ಲಿ ಪ್ರಕಟವಾದ ಲೋಗನ್ ಪಿಯರ್ಸಾಲ್ ಸ್ಮಿತ್‌ನ ಗ್ರಂಥದ ಮೂಲಕ. ಪ್ರಸ್ತುತ ಲೇಖನದಲ್ಲಿ ಇವನ್ನು ಕೂಡುಕ್ರಿಯೆಗಳು ಎಂದು ಕರೆಯಲಾಗಿದೆ.

ನಮ್ಮಲ್ಲಿ ಬಳಕೆಯಲ್ಲಿರುವ ಕೈಪಿಡಿಗಳು ಇವನ್ನು ಪಟ್ಟಿಮಾಡಿ, ಎದುರಿಗೆ ಒಂದೊಂದು ಕನ್ನಡ ಪದ ಕೊಟ್ಟು ಕೈತೊಳೆದುಕೊಳ್ಳುತ್ತವೆ. ‘ಗಿವ್ ಅಪ್’ ಎಂದರೆ ತ್ಯಜಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸು, ‘ಲುಕ್ ಫಾರ್ವರ್ಡ್ ಟು’ ಎಂದರೆ ನಿರೀಕ್ಷಿಸು. ಅರ್ಥದ ದೃಷ್ಟಿಯಿಂದ ಇವು ತಪ್ಪಲ್ಲ. ನುಡಿಯ ಮಟ್ಟದ ದೃಷ್ಟಿಯಿಂದ ಎಲ್ಲವೂ ತಪ್ಪು. ಇಂಗ್ಲಿಷಿನಲ್ಲಿ ‘ಟಾಲರೇಟ್’ ಎಂಬ ಲ್ಯಾಟಿನ್ ಮೂಲದ ಪದಕ್ಕೂ ‘ಪುಟ್ ಅಪ್ ವಿತ್’ ಎಂಬ ಆಡುನುಡಿಗೂ ಇರುವ ಅಂತರ, ಕನ್ನಡದಲ್ಲಿ ‘ಸಹಿಸು’ ಎಂಬುದಕ್ಕೂ ‘ತಾಳಿಕೊ’ ಎಂಬುದಕ್ಕೂ ಇದೆ. ಆಡುನುಡಿಗೆ ಗ್ರಂಥದ ಪದವನ್ನು ಜೋಡಿಸುವುದರಿಂದ ಕಲಿಯುವವರಿಗೆ ಇಂಗ್ಲಿಷ್ ಇನ್ನಷ್ಟು ದೂರವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಥದೇ ರಚನೆ ತಮ್ಮ ಮನೆಮಾತಿನಲ್ಲಿಯೂ ಇದೆ ಎಂಬ ಸಂಗತಿ ಮರೆಯಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಸಮೀಪವಾದ ರಚನೆಗಳು ಮೂರು ಬಗೆಯಾಗಿ ತೋರುತ್ತವೆ. ಮೊದಲನೆಯದು ಕ್ರಿಯಾಸಮಾಸ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದಲೂ ನಮ್ಮ ವ್ಯಾಕರಣದಲ್ಲಿ ಇದಕ್ಕೆ ಸ್ಥಾನವಿದೆ. ಆದರೆ ಕೈಮುಗಿ ಎಂಬುದನ್ನೂ ಕೈಬಿಡು ಎಂಬುದನ್ನೂ ವ್ಯಾಕರಣವು ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಮೊದಲನೆಯದರಲ್ಲಿ ಕೈಯೂ ಇದೆ, ಮುಗಿಯುವುದೂ ಇದೆ. ಎರಡನೆಯದರಲ್ಲಿ ಕೈ ಬರಿಯ ನೆಪ. ಕೈಗೊಳ್ಳು, ಕೈಕೊಡು, ಕೈಗೂಡು, ಕೈಮೀರು, ತಲೆದೋರು, ತಲೆಬಾಗು, ಕಾಲ್ಕೀಳು, ಬಾಯಿಬಿಡು, ಬೆನ್ನುಹತ್ತು – ದೇಹದ ಅಂಗಗಳಿಂದ ಕನ್ನಡ ಕಟ್ಟಿಕೊಂಡ ಈ ಸಂಪತ್ತನ್ನು ಇಂಗ್ಲಿಷ್ ಬಹುಪಾಲು ದಿಕ್ಕುಸೂಚಕ ಪದಗಳಿಂದ ಕಟ್ಟಿಕೊಂಡಿದೆ. ‘ಟೇಕ್ ಅಪ್’ ಎಂದರೆ ಕೈಗೊಳ್ಳು, ‘ಲೆಟ್ ಡೌನ್’ ಎಂದರೆ ಕೈಕೊಡು, ‘ಕ್ರಾಪ್ ಅಪ್’ ಎಂದರೆ ತಲೆದೋರು, ‘ಗಿವ್ ಇನ್’ ಎಂದರೆ ತಲೆಬಾಗು.

ಎರಡನೆಯದು ದಿಕ್ಕು ಅಥವಾ ಸ್ಥಾನವನ್ನು ಸೂಚಿಸುವ ಪದ ಕ್ರಿಯೆಯ ಹಿಂದೆ ನಿಲ್ಲುವ ಬಗೆ. ‘ಮದುವೆ ಮುಂದೆ ಹಾಕಿದರು’ ಎಂಬಲ್ಲಿ ‘ಪುಟ್ ಆಫ್’ನ ‘ಪುಟ್’ ಹೆಚ್ಚುಕಡಿಮೆ ಹಾಗೆಯೇ ಇದೆ. ‘ಎದುರುನೋಡು’ ಎಂಬುದಂತೂ ‘ಲುಕ್ ಫಾರ್ವರ್ಡ್ ಟು’ ಎಂಬುದರ ಪಡಿಯಚ್ಚು. ಇಷ್ಟು ಹತ್ತಿರದ ಮಾತಿರುವಾಗ ‘ನಿರೀಕ್ಷಿಸು’ ಎಂದು ಬರೆದುಕೊಡುವ ಕೈಪಿಡಿಕಾರರ ಸಂಸ್ಕೃತಪ್ರೀತಿ ಅಚ್ಚರಿ ತರುತ್ತದೆ.

ಮೂರನೆಯದು ಎರಡು ಕ್ರಿಯೆಗಳು ಕೂಡುವ ಬಗೆ. ನೋಡು ಎಂಬುದಕ್ಕೆ ಕೊಳ್ಳು ಸೇರಿ ‘ನೋಡಿಕೊ’ ಆದಾಗ ಅದು ‘ಲುಕ್ ಆಫ್ಟರ್’. ‘ಈಟ್ ಅಪ್’, ‘ಡ್ರಿಂಕ್ ಅಪ್’ ಎಂಬಲ್ಲಿ ‘ಅಪ್’ ಮೇಲನ್ನು ಸೂಚಿಸದೆ ಕ್ರಿಯೆ ಪೂರ್ತಿಯಾಗುವುದನ್ನು ಸೂಚಿಸುತ್ತದೆ. ತಿಂದುಬಿಡು, ಕುಡಿದುಬಿಡು ಎಂಬಲ್ಲಿ ‘ಬಿಡು’ ಮಾಡುವ ಕೆಲಸವೂ ಅದೇ. ಇನ್ನು ‘ಗಿವ್ ಅಪ್’ಗೆ ಒಂದೇ ಕನ್ನಡ ಪದ ಸಾಲದು. ಬೀಡಿ ಸೇದುವುದನ್ನು ಬಿಟ್ಟುಬಿಡುತ್ತೇವೆ, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಡುತ್ತೇವೆ, ಆಸೆ ಕಳೆದಾಗ ಕೈಚೆಲ್ಲುತ್ತೇವೆ. ತರಗತಿಯಲ್ಲಿ ಈ ಮೂರು ಸಂದರ್ಭಗಳನ್ನು ಮುಂದಿಟ್ಟರೆ, ‘ಅಪ್’ ಏಕೆ ಎಂಬ ಪ್ರಶ್ನೆಗಿಂತ ಎಲ್ಲಿ ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಊರಿನಲ್ಲಿ ಇದಕ್ಕೆ ಉದಾಹರಣೆಗಳನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ; ಮಳೆಗಾಲವೇ ಸಾಕು. ಮಲೆನಾಡಿನವರ ಮಾತಿನಲ್ಲಿ ಮಳೆ ‘ಹಿಡಿದುಕೊಳ್ಳುತ್ತದೆ’, ಆಮೇಲೆ ‘ಬಿಡುತ್ತದೆ’, ನಡುವೆ ‘ಹೊಳವಾಗುತ್ತದೆ’. ಇಂಗ್ಲಿಷಿನವರು ಹೇಳುವ ‘ಸೆಟ್ ಇನ್’, ‘ಲೆಟ್ ಅಪ್’, ‘ಕ್ಲಿಯರ್ ಅಪ್’ ಇವೇ. ‘ಲೆಟ್’ ಎಂಬುದರ ಒಂದು ಅರ್ಥ ಬಿಡು ಎಂಬುದನ್ನು ನೆನೆದರೆ ಎರಡು ನುಡಿಗಳೂ ಮಳೆಯನ್ನು ಒಂದೇ ಕಣ್ಣಿನಿಂದ ಕಂಡಂತಿದೆ.

ಅದೇ ಊರಿನ ರಂಗಭೂಮಿ ಇನ್ನೊಂದು ಪಾಠವನ್ನು ಒದಗಿಸುತ್ತದೆ. 1949ರಲ್ಲಿ ಆರಂಭವಾದ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಮ್, ಕೆ.ವಿ. ಸುಬ್ಬಣ್ಣನವರ (1932–2005) ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಶೇಕ್ಸ್‌ಪಿಯರ್, ಬ್ರೆಕ್ಟ್ ಮೊದಲಾದವರ ನಾಟಕಗಳು ಊರೂರಿಗೆ ಕನ್ನಡದಲ್ಲಿ ತಲುಪಿದವು. ರಂಗದ ಮೇಲೆ ನಟನ ಬಾಯಿಗೆ ಒಗ್ಗದ ಮಾತು ನಿಲ್ಲುವುದಿಲ್ಲ. ಸಿಟ್ಟಿನಲ್ಲಿರುವ ಪಾತ್ರವೊಂದು ‘ಐ ಕಾಂಟ್ ಪುಟ್ ಅಪ್ ವಿತ್ ಇಟ್’ ಎಂದರೆ, ‘ನಾನಿದನ್ನು ಸಹಿಸಲಾರೆ’ ಎಂಬ ಅನುವಾದ ಕಾಗದದ ಮೇಲೆ ಸರಿ. ರಂಗಕ್ಕೆ ಬೇಕಾದುದು ‘ಇದನ್ನ ತಾಳಿಕೊಳ್ಳೋದಕ್ಕೆ ನನ್ನಿಂದ ಆಗೋದಿಲ್ಲ’ ಎಂಬಂಥದು. ಬಾಯಿಯ ಈ ಪರೀಕ್ಷೆಯನ್ನು ಭಾಷಾಬೋಧನೆಯೂ ಎರವಲು ಪಡೆಯಬಹುದು.

ನುಡಿಗಟ್ಟುಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ‘ಕಿಕ್ ದ ಬಕೆಟ್’ ಎಂಬುದಕ್ಕೆ ‘ನಿಧನ ಹೊಂದು’ ಎಂದು ಅರ್ಥ ಕೊಟ್ಟರೆ, ವಿದ್ಯಾರ್ಥಿ ಅದನ್ನು ಸಂತಾಪಸೂಚಕ ಪತ್ರದಲ್ಲಿ ಬಳಸಿಯಾನು. ಅದರ ಹಗುರತನಕ್ಕೆ ಸಲ್ಲುವುದು ‘ಗೊಟಕ್ಕೆನ್ನು’. ಇತ್ತ ಹಸಿರು ನಿಶಾನೆ, ಮೈಲಿಗಲ್ಲು, ಬೆಳಕು ಚೆಲ್ಲು ಮುಂತಾದವು ಇಂಗ್ಲಿಷಿನಿಂದಲೇ ಬಂದು ಕನ್ನಡದವೇ ಆಗಿವೆ. ಕೊನೆಯದಿಲ್ಲದೆ ನಮ್ಮ ಸಂಶೋಧನ ಪ್ರಬಂಧಗಳು ಮುಗಿಯುವುದೇ ಇಲ್ಲ.

ಈ ಹೋಲಿಕೆಗೆ ಒಂದು ಮಿತಿಯಿದೆ. ಕನ್ನಡದಲ್ಲಿ ‘ಬಿಟ್ಟು’ ಮತ್ತು ‘ಕೊಡು’ ಇವುಗಳ ನಡುವೆ ಏಕಾರ ನುಸುಳಬಹುದು, ಕರ್ಮಪದ ಸಾಮಾನ್ಯವಾಗಿ ನುಸುಳದು. ಇಂಗ್ಲಿಷಿನಲ್ಲಿ ‘ಗಿವ್ ಇಟ್ ಅಪ್’ ಎನ್ನಬೇಕು, ‘ಗಿವ್ ಅಪ್ ಇಟ್’ ಎನ್ನುವಂತಿಲ್ಲ. ಆದರೆ ‘ಲುಕ್ ಆಫ್ಟರ್ ಇಟ್’ ಸರಿ, ‘ಲುಕ್ ಇಟ್ ಆಫ್ಟರ್’ ತಪ್ಪು. ಸರ್ವನಾಮದ ಈ ಸ್ಥಾನವನ್ನು ಕನ್ನಡದ ನೆರವಿನಿಂದ ವಿವರಿಸಲು ಸಾಧ್ಯವಿಲ್ಲ. ಇದನ್ನು ಇಂಗ್ಲಿಷ್ ವಾಕ್ಯಗಳನ್ನೇ ಮತ್ತೆ ಮತ್ತೆ ಆಡಿಸಿ ರೂಢಿಮಾಡಿಸಬೇಕು.